ಹಗೇವಿನ ಪಕ್ಕದ ಮೀನಿನ ಕೊಳ

ಹಗೇವು ಅಂದರೆ ನೆಲದೊಳಗಿನ ಕಣಜ. ಜೋಳ ತುಂಬಿಡಲು ನಮ್ಮ ಸೀಮೆಯ ಹಿರಿಯರು ಮನೆಯೊಳಗೇ ತೋಡಿಸುತ್ತಿದ್ದ ಗುಂಡಿ. ಬಾಯಿ ಕಿರಿದು, ಒಬ್ಬ ಮನುಷ್ಯ ಹೆಗಲು ಕುಗ್ಗಿಸಿಕೊಂಡು ಇಳಿಯುವಷ್ಟು. ಒಳಗೆ ಮಾತ್ರ ಹೊಟ್ಟೆ ದೊಡ್ಡದು. ನಮ್ಮ ತಾಂಬಾದ ಮನೆಯಲ್ಲಿ ದನ ಕಟ್ಟುತ್ತಿದ್ದ ಅಂಕಣದ ಮೂಲೆಯಲ್ಲಿ ಅಂಥದೊಂದು ಇತ್ತು, ಹನ್ನೆರಡು ಫೂಟು ಆಳ. ಅದರ ಪಕ್ಕಕ್ಕೇ ನಾನು ಮೀನಿನ ಕೊಳ ಕಟ್ಟಿಸಿದೆ. ಆ ಕೊಳದ ನೀರು ತಿಳಿಯಾಗಿರಬೇಕಾದರೆ ಮೂರು ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಹಗೇವಿಗೆ ಇಳಿಯಬೇಕಾಗಿತ್ತು. ಇಳಿಯುತ್ತಿದ್ದವನು ನನ್ನ ಅಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೀನಿನ ಮಾತು ಶುರುವಾದರೆ ನನಗೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ. ಮರೆತದ್ದರಿಂದಲೇ ಆದದ್ದೆಲ್ಲ ಆಯಿತು.

ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಮೊದಲು ಮುದ್ದೇಬಿಹಾಳದ ಕಡೆ, ಆಮೇಲೆ ಸಿಂದಗಿ, ಕೊನೆಗೆ ಝಳಕಿ. ಎಲ್ಲ ಕಡೆಗೂ ನನ್ನ ಜೊತೆ ಒಂದು ಗಾಜಿನ ತೊಟ್ಟಿ ಬರುತ್ತಿತ್ತು. ಪ್ರಯೋಗಶಾಲೆಯ ಕಿಟಕಿಯ ಹತ್ತಿರ ಅದನ್ನಿಟ್ಟು ನಾಲ್ಕು ಮೀನು ಬಿಟ್ಟರೆ ಮಕ್ಕಳು ಬೇಗ ಬರುತ್ತಿದ್ದರು. ನನ್ನ ಪಾಠಕ್ಕೆ ಬರುತ್ತಿದ್ದರು ಅಂತ ನಾನು ತಿಳಿದುಕೊಳ್ಳುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಿವೃತ್ತಿಯೂ ಆಯಿತು. ತೊಟ್ಟಿಯನ್ನು ಜೀಪಿನಲ್ಲಿ ಹಾಕಿಕೊಂಡು ಅಣ್ಣನ ಮನೆಗೆ, ಅಂದರೆ ನಮ್ಮ ಮನೆಗೇ, ಬಂದೆ. ಆ ಮನೆಯಲ್ಲಿ ಇದ್ದವರು ಅಣ್ಣ ಮತ್ತು ವೈನಿ, ಅಂದರೆ ಅತ್ತಿಗೆ, ಇಬ್ಬರೇ. ಮಗಳನ್ನು ಸಿಂದಗಿಗೆ ಕೊಟ್ಟಿದ್ದರು. ಅಣ್ಣನಿಗೆ ಆರು ಎಕರೆ ನಿಂಬೆ ತೋಟ. ಆಳಿಗಿಂತ ಹೆಚ್ಚು ದುಡಿಯುವ ಮನುಷ್ಯ, ನನಗಿಂತ ನಾಲ್ಕು ವರ್ಷ ದೊಡ್ಡವನು. ಊರಿನವರ ಹಾಗೆ ಅವನೂ ನನ್ನನ್ನು ಮಾಸ್ತರ ಅಂತಲೇ ಕರೆಯುತ್ತಿದ್ದ. ವೈನಿಗೂ ಅದೇ ರೂಢಿಯಾಗಿತ್ತು.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಹೋಗಿದ್ದವು. ದನದ ಅಂಕಣ ಖಾಲಿ ಬಿದ್ದಿತ್ತು. ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ ಕಾದ ಹಂಚಿನಂತಿದ್ದರೂ ಒಳಗೆ ತಂಪು. ಬಿಸಿನಾಡಿನ ಮೀನಿಗೆ ನೀರು ಒಂದೇ ಹದದಲ್ಲಿ ಬೆಚ್ಚಗಿರಬೇಕು, ಹಗಲು ರಾತ್ರಿಗೆ ಏರಿಳಿತ ಇರಬಾರದು. ಆ ಅಂಕಣ ನೋಡಿದ ದಿನವೇ ನನಗೆ ಹುಚ್ಚು ಹತ್ತಿತು. ಇಲ್ಲಿ ತೊಟ್ಟಿಯಲ್ಲ, ಕೊಳ ಬೇಕು ಅಂದೆ.

"ದನದ ಅಂಕಣದಾಗ ಮೀನಾ?" ಅಂದರು ವೈನಿ. "ಮಂದಿ ಏನಂದಾರು? ಮಾಸ್ತರ ತಿನ್ನಾಕ ಸಾಕ್ಯಾನ ಅಂತಾರ."

"ಅನ್ಲಿ ಬಿಡ," ಅಂದ ಅಣ್ಣ. "ಅವಗೂ ಹೊತ್ತು ಹೋಗಬೇಕಲ್ಲ. ಸುಮ್ಮನ ಕುಂತ್ರ ನನ್ನ ತ್ವಾಟಕ್ಕ ಬಂದು ಗೊಬ್ಬರದ ಪಾಠ ಹೇಳ್ತಾನ."

ಬಸವನಬಾಗೇವಾಡಿಯಿಂದ ಒಬ್ಬ ಗೌಂಡಿಯನ್ನು ಕರೆಸಿದೆ, ನೀರಿನ ಟಾಕಿ ಕಟ್ಟುವುದರಲ್ಲಿ ಕೈ ಪಳಗಿದವನು. ಹದಿನಾಲ್ಕು ಫೂಟು ಉದ್ದ, ಎಂಟು ಫೂಟು ಅಗಲ, ಎದೆಮಟ್ಟದ ಆಳ. ನಮ್ಮದು ಎರೆಭೂಮಿ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಅಡಿಯಲ್ಲಿ ಎರಡು ಫೂಟು ಎರೆ ತೆಗೆಸಿ ಗರಸು ಮಣ್ಣು ತುಂಬಿಸಿ ಕಬ್ಬಿಣದ ಜಾಳಿಗೆ ಹಾಸಿ ಕಾಂಕ್ರೀಟು ಹಾಕಿಸಿದೆ. ಸಿಮೆಂಟಿನ ಕ್ಷಾರ ಹೋಗಲಿ ಅಂತ ಮೂರು ಸಲ ನೀರು ತುಂಬಿ ಮೂರು ಸಲ ಚೆಲ್ಲಿಸಿದೆ. ಬೋರಿನ ನೀರು ಗಡಸು, ಕೊಡದ ಅಂಚಿಗೆ ಬಿಳಿ ಪೊರೆ ಕಟ್ಟುವಂಥದು. ಅದಕ್ಕೆ ಮಾಳಿಗೆಯ ಮಳೆನೀರು ಬೆರೆಸಿದೆ. ಗವಾಕ್ಷಿಗೆ ಗಾಜು ಹಾಕಿಸಿದೆ. ಎಲ್ಲದಕ್ಕೂ ನನ್ನಲ್ಲಿ ಲೆಕ್ಕವಿತ್ತು, ಎಲ್ಲದಕ್ಕೂ ಕಾರಣ ಗೊತ್ತಿತ್ತು.

ಹೊಲಸು ನೀರಿಗೊಂದು ಜಾಗ ಬೇಕಾಗಿತ್ತು. ಮೀನಿನ ಹೇಲು, ತಿಂದು ಬಿಟ್ಟ ಕಾಳು, ಪಾಚಿ, ಎಲ್ಲ ತಳಕ್ಕೆ ಇಳಿಯುತ್ತವೆ. ಕೊಳದ ತಳದಿಂದ ಒಂದು ಪೈಪು ಹೊರಡಿಸಿ ಆ ನೀರನ್ನು ಒಂದು ಗುಂಡಿಗೆ ಬಿಡಬೇಕು. ಗಸಿ ಅಲ್ಲಿ ಕೂತ ಮೇಲೆ ಮೇಲಿನ ತಿಳಿಯನ್ನು ಮೋಟರಿನಿಂದ ಎತ್ತಿ, ಜಲ್ಲಿ, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ ವಾಪಸು ಕೊಳಕ್ಕೆ ಬಿಡಬೇಕು. ಗೌಂಡಿ ಹೊಸ ಗುಂಡಿ ತೋಡೋಣ ಅಂದ. ನಾನು ಹಗೇವಿನ ಕಡೆ ಬೆರಳು ತೋರಿಸಿದೆ. ತೋಡಿದ ಗುಂಡಿ ಪಕ್ಕದಲ್ಲೇ ಇರುವಾಗ ಇನ್ನೊಂದು ಯಾಕೆ? ಒಳಗೆ ಸಿಮೆಂಟು ಬಳಿಸಿ, ಬಾಯಿಗೆ ಪರಸಿ ಕಲ್ಲು ಮುಚ್ಚಿಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅಣ್ಣ ಮಾತ್ರ ಹಗೇವಿನ ಬಾಯಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ. "ಇದಕ್ಕ ಒಂದು ರೀತಿ ಐತಿ, ಮಾಸ್ತರ," ಅಂದ. "ಕಲ್ಲು ತಗದ ಕೂಡ್ಲೆ ಯಾರೂ ಇಳಿಯಂಗಿಲ್ಲ. ಒಂದು ದಿನ ಬಾಯಿ ತಗದ ಬಿಡಬೇಕು. ಆಮ್ಯಾಲ ಕಂದೀಲ ಇಳಸಬೇಕು. ಕಂದೀಲ ಉರದ್ರ ಮನುಷ್ಯಾ ಇಳೀಬೇಕು, ಆರಿದ್ರ ಇಲ್ಲ." ನಮ್ಮ ಅಜ್ಜನ ಕಾಲದಲ್ಲಿ ದೀಪ ಇಳಿಸದೆ ಇಳಿದ ಇಬ್ಬರು ಆಳುಗಳು ಮೇಲೆ ಬರಲಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಹಗೇವು ಬಳಿಯುವ ಕೆಲಸವನ್ನೂ, ಆಮೇಲೆ ಅದನ್ನು ತೊಳೆಯುವ ಕೆಲಸವನ್ನೂ ಅಣ್ಣ ತನ್ನ ತಲೆಗೇ ಕಟ್ಟಿಕೊಂಡ. ನನ್ನ ಮೊಣಕಾಲು ಏಣಿ ಇಳಿಯುವ ಹಾಗಿರಲಿಲ್ಲ. "ನೀ ಮೀನಾ ನೋಡ, ನಾ ಹಗೇವ ನೋಡ್ತೇನಿ," ಅಂದ.

ಮೀನನ್ನು ಸೊಲ್ಲಾಪುರದಿಂದ ತಂದೆ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಏಂಜಲ್, ಗೌರಾಮಿ, ಅಡಿಯ ಪಾಚಿ ನೆಕ್ಕುವ ಸಕರ್, ಮತ್ತು ಆಸ್ಕರ್. ಆಸ್ಕರ್ ಅಂದರೆ ಅಂಗೈಗಿಂತ ದೊಡ್ಡ ಮೀನು, ಮೈಮೇಲೆ ಕೆಂಡ ಎರಚಿದಂಥ ಬಣ್ಣ, ಮನುಷ್ಯರನ್ನು ಗುರುತಿಸುತ್ತದೆ. ಮೊದಲು ಮೂಗು ಮುರಿದಿದ್ದ ವೈನಿ ತಿಂಗಳೊಪ್ಪತ್ತಿನಲ್ಲಿ ಬೆಳಿಗ್ಗೆ ಎದ್ದ ಕೂಡಲೆ ಕೊಳದ ಹತ್ತಿರ ಹೋಗಿ "ಎದ್ರೇನು?" ಅಂತ ಕೇಳತೊಡಗಿದರು. ಮತ್ಸ್ಯಾವತಾರ ಅಂತ ಕೈಯನ್ನೂ ಮುಗಿಯುತ್ತಿದ್ದರು, ನಗುತ್ತಲೇ. ಅಣ್ಣನಿಗೆ ಮೀನಿಗಿಂತ ಗಸಿಯ ಮೇಲೆ ಪ್ರೀತಿ ಹುಟ್ಟಿತು. ಹಗೇವಿನಿಂದ ಬಕೆಟ್ ಬಕೆಟ್ ಕಪ್ಪು ರಾಡಿ ಎತ್ತಿ ನಿಂಬೆ ಗಿಡದ ಬುಡಕ್ಕೆ ಹಾಕಿದ, ಗಿಡ ಕಡುಹಸಿರಾದವು. "ನಿನ್ನ ಮೀನಾ ಇರೂದ ನನ್ನ ಗಿಡಕ್ಕ ಹೇಲಾಕ," ಅಂತ ಚೇಷ್ಟೆ ಮಾಡುತ್ತಿದ್ದ. ಎರಡು ವರ್ಷ ಎಲ್ಲ ಸರಿಯಾಗಿ ನಡೆಯಿತು. ಪ್ರತಿ ಸಲವೂ ಹಿಂದಿನ ದಿನ ಕಲ್ಲು ತೆಗೆಯುತ್ತಿದ್ದ, ಮರುದಿನ ಕಂದೀಲು ಇಳಿಸುತ್ತಿದ್ದ, ಇಳಿಯುತ್ತಿದ್ದ, ಮೈಯೆಲ್ಲ ರಾಡಿ ಮಾಡಿಕೊಂಡು ಮೇಲೆ ಬರುತ್ತಿದ್ದ.

ಮೂರನೆಯ ವರ್ಷ ಅಣ್ಣನ ಮಗಳು ಸಿಂದಗಿಯಲ್ಲಿ ಹಡೆದಳು. ಹೆರಿಗೆ ಕಷ್ಟವಾಯಿತು, ಕೂಸೂ ಸಣ್ಣದು. ಅಣ್ಣ ವೈನಿ ಇಬ್ಬರೂ ಅಲ್ಲಿ ಇಲ್ಲಿ ಓಡಾಡಿದರು. ಸಂಕ್ರಾಂತಿಯ ಮುಂದೆ ಆಗಬೇಕಿದ್ದ ತೊಳೆಯುವ ಕೆಲಸ ಹಿಂದಕ್ಕೆ ಬಿತ್ತು, ಹೋಳಿಗೂ ಆಗಲಿಲ್ಲ. ಕೊಳದ ನೀರು ಮಾತ್ರ ಕನ್ನಡಿಯ ಹಾಗಿತ್ತು. ಮೇಲೆ ಅಷ್ಟು ತಿಳಿಯಾಗಿದ್ದರೆ ಕೆಳಗೆ ಏನು ಕೂತಿದೆ ಅಂತ ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ.

ಯುಗಾದಿಯ ಹೊತ್ತಿಗೆ ವೈನಿ ಒಂದು ದಿನ ದೇವರ ಮನೆಯಿಂದ ಬೆಳ್ಳಿಯ ದೀಪದ ಸಮೆ, ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದರು. ದೇವರ ಮನೆಗೂ ಕೊಳದ ಅಂಕಣಕ್ಕೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ.

"ನೋಡ್ರಿ ಮಾಸ್ತರ, ಮೊನ್ನಿ ಅಮಾಸಿಗಿ ತಿಕ್ಕಿಟ್ಟೇನಿ. ಮತ್ತ ಕರ್ರಗ ಆಗ್ಯಾವ."

ನಾನು ತಿರುಗಿಸಿ ನೋಡಿದೆ. ಬೆಳ್ಳಿ ಮಸಿ ಹತ್ತಿದಂತೆ ಕಪ್ಪಾಗಿತ್ತು. ನನ್ನೊಳಗಿನ ಮಾಸ್ತರ ಎದ್ದು ಕುಳಿತ. ಗಂಧಕದ ಗಾಳಿ ಬೆಳ್ಳಿಗೆ ತಾಗಿದರೆ ಹೀಗಾಗುತ್ತದೆ, ಅದು ಕೊಳೆತ ರಾಡಿಯಿಂದ ಹೊರಡುತ್ತದೆ, ಅದರ ವಾಸನೆ ಕೊಳೆತ ಮೊಟ್ಟೆಯಂತೆ ಅಂತ ವಿವರಿಸಿದೆ. ಸಮೀಕರಣವನ್ನೂ ಹೇಳಿದೆ. ಮೊಟ್ಟೆಯೇ ಬಾರದ ಮನೆ ನಮ್ಮದು; ವೈನಿ ಮುಖ ಕಿವುಚಿದರು.

"ಹಂಗಾರ ಆ ಗಾಳಿ ಮನಿಯೊಳಗ ಬರಾಕತ್ತೈತಿ ಅಂತ ಆತಲ್ರಿ," ಅಂದರು.

"ತುಸು ಬರ್ತೈತಿ ವೈನಿ. ಅಂಥಾದ್ದೇನಿಲ್ಲ. ಹುಣಸಿಹಣ್ಣ ಹಚ್ಚಿ ತಿಕ್ರಿ, ಹೋಗ್ತೈತಿ."

ಪಾಠ ಹೇಳಿದ ಖುಷಿ ಸಂಜೆಯ ತನಕ ಇತ್ತು. ಎಂಥಾ ಮೂರ್ಖ ನಾನು. ಮರುವಾರ ಪರಸಿಯ ಅಂಚಿನಲ್ಲಿ ಎರಡು ಹಲ್ಲಿ ಸತ್ತು ಬಿದ್ದಿದ್ದವು. ಜೊಂಡಿಗಗಳೂ. ಮನೆಯ ಬೆಕ್ಕು ಆ ಮೂಲೆಗೆ ಹೋಗುವುದನ್ನು ಬಿಟ್ಟಿತ್ತು, ಮೀನಿನ ಆಸೆಗೂ. ನಾನು ಹಲ್ಲಿಗಳನ್ನು ಕಸಬರಿಗೆಯಿಂದ ಗುಡಿಸಿ ಹಾಕಿ, ಕೊಳದ ಹೀಟರಿನ ತಂತಿ ಸರಿಪಡಿಸಲು ಹೋದೆ.

ಆಮೇಲೆ ಆ ದಿನ ಬಂತು, ಬಿಸಿಲು ನಡುಬೇಸಿಗೆಯದು. ಬೆಳಗಿನ ಆರಕ್ಕೆ ಕರೆಂಟು ಹೋಯಿತು. ಲೈನಿನ ಕೆಲಸ, ಮಧ್ಯಾಹ್ನ ಬರುತ್ತದೆ ಅಂದರು. ಇನ್ವರ್ಟರು ಎರಡು ತಾಸು ಎಳೆದು ನಿಂತಿತು. ಗಾಳಿ ಊದುವ ಪಂಪು ನಿಂತಿತು. ಒಂಬತ್ತರ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ನಲವತ್ತು ಬಾಯಿ. ನಾನು ಬಾಡಿಗೆಯ ಜನರೇಟರು ತರಿಸಿದೆ. ಆದರೆ ಮೋಟರು ಹಾಕಿದರೆ ನೀರೇ ಎತ್ತಲಿಲ್ಲ, ಬರೀ ಗರ್ ಅಂತ ಸದ್ದು. ಹಗೇವಿನೊಳಗಿನ ಪೈಪಿನ ಬಾಯಿಗೆ ರಾಡಿ ಕಟ್ಟಿಕೊಂಡಿತ್ತು. ಮೋಟರು ಬಿಚ್ಚಿ ಗಾಳಿಯ ಪಂಪಿಗಷ್ಟೇ ಜನರೇಟರು ಕೊಟ್ಟಿದ್ದರೆ ಅವತ್ತಿಗೆ ಸಾಕಾಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ. ನನಗೆ ಮೀನು ಬಾಯಿಬಿಡುವುದೂ ಕಾಣುತ್ತಿತ್ತು, ತುಂಬಿ ಕೂತ ರಾಡಿಯೂ ಕಾಣುತ್ತಿತ್ತು, ಎರಡೂ ಒಂದೇ ರೋಗ ಅನ್ನಿಸಿತು. ಇನ್ನೊಂದು ಪಂಪು ಇಟ್ಟು ಹಗೇವಿನ ನೀರನ್ನು ಹೊರಗೆ ಚೆಲ್ಲಿಸಿದೆ. ರಾಡಿ ಕದಡಿ ಗುಳುಗುಳು ಅಂದಿತು. ಪರಸಿ ತೆಗೆಸಿದೆ. ಮೊದಲು ಮೂಗಿಗೆ ಬಡಿಯುವಂಥ ನಾತ ಬಂತು, ಹಿಂದಕ್ಕೆ ಸರಿದೆ. ಮತ್ತೆ ಬಗ್ಗಿದಾಗ ನಾತ ಇರಲಿಲ್ಲ.

ಅಣ್ಣ ತೋಟದಿಂದ ಹತ್ತೂವರೆಗೆ ಬಂದ. ಕಲ್ಲು ತೆರೆದದ್ದು ನೋಡಿ ಹುಬ್ಬು ಗಂಟಿಕ್ಕಿದ.

"ನಿನ್ನೆನ ತಗೀಬೇಕಿತ್ತಲ್ಲೋ ಇದನ್ನ."

"ನಿನ್ನೆ ಕರೆಂಟ ಹೋಗ್ತೈತಿ ಅಂತ ಯಾರಿಗೆ ಗೊತ್ತಿತ್ತು? ಮೀನಾ ಸಾಯಾಕತ್ತಾವ, ನೋಡಲ್ಲಿ."

"ಸಾಯಂಗಿಲ್ಲ ತಡಿ. ನಾಳೆ ಮಾಡೂಣು."

"ನಾಳೆಗೆ ಒಂದೂ ಉಳಿಯಂಗಿಲ್ಲ." ನನ್ನ ದನಿ ಏರಿತ್ತು. ನನಗೆ ಸಿಟ್ಟು ಬಂದರೆ ಅಣ್ಣ ಎದುರು ಮಾತಾಡುತ್ತಿರಲಿಲ್ಲ. ಹೆಂಡತಿ ಸತ್ತವನು ಅಂತ ಅವನಿಗೆ ಮೊದಲಿನಿಂದಲೂ ನನ್ನ ಮೇಲೆ ಒಂದು ಕನಿಕರ. ಅದು ನನಗೆ ಗೊತ್ತಿತ್ತು, ನಾನು ಅದನ್ನು ಬಳಸಿಕೊಳ್ಳುತ್ತಿದ್ದೆ.

ಅವನು ಒಳಗೆ ಹೋಗಿ ಕಂದೀಲು ಹಚ್ಚಿಕೊಂಡು ಬಂದ. ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದ. ವೈನಿ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮೂವರೂ ಬಗ್ಗಿ ನೋಡಿದೆವು. ದೀಪ ಆರಲಿಲ್ಲ. ಆರುವುದಿರಲಿ, ಮೇಲಿದ್ದಾಗಿನಕ್ಕಿಂತ ಜ್ವಾಲೆ ಉದ್ದವಾಗಿತ್ತು, ಅಂಚಿಗೆ ತುಸು ನೀಲಿ ಇತ್ತು. ನಾನು ಅದನ್ನು ಕಂಡೆ.

"ಛಲೋ ಉರೀತೈತಿ," ಅಂದ ಅಣ್ಣ. ಆದರೂ ಕೂಡಲೆ ಇಳಿಯಲಿಲ್ಲ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ನನ್ನ ಕಡೆ ತಿರುಗಿದ. "ಏನಂತೀ ಮಾಸ್ತರ? ಇಳೀಲೇನು?"

"ದೀಪ ಉರೀತೈತಲ್ಲ," ಅಂದೆ.

ಅಣ್ಣ ಏಣಿ ಇಳಿದ. ಮೊದಲನೆಯ ಬಕೆಟ್ಟು ತುಂಬಿ ಕೊಟ್ಟ, ವೈನಿ ಎಳೆದುಕೊಂಡರು. ಕೆಳಗಿನಿಂದ ಅವನ ದನಿ ಬಂತು: "ಇವತ್ತ ನಾತನ ಇಲ್ಲಲ್ಲೋ." ಅಷ್ಟೇ. ಎರಡನೆಯ ಬಕೆಟ್ಟಿನ ಹಗ್ಗ ಸಡಿಲವಾಗಿಯೇ ಉಳಿಯಿತು. ವೈನಿ "ತುಂಬ್ರಿ" ಅಂದರು. "ಏನ್ ಮಾಡಾಕತ್ತೀರಿ? ತುಂಬ್ರಿ," ಅಂತ ಮತ್ತೆ ಅಂದರು. ನಾನು ಬಗ್ಗಿದೆ. ಅಣ್ಣ ಗೋಡೆಗೆ ಒರಗಿ ಕುಳಿತಿದ್ದ, ತೋಟದಲ್ಲಿ ಗಿಡದ ಬುಡಕ್ಕೆ ದಣಿವಾರಿಸಿಕೊಳ್ಳುವಂತೆ. ತಲೆ ಒಂದು ಕಡೆ ವಾಲಿತ್ತು. ಪಕ್ಕದಲ್ಲಿ ಕಂದೀಲು ಉರಿಯುತ್ತಲೇ ಇತ್ತು.

ವೈನಿ ಸೀರೆ ಕಚ್ಚೆ ಹಾಕಿದ್ದೂ ನನಗೆ ಕಾಣಲಿಲ್ಲ; ಅವರ ಕಾಲು ಏಣಿಯ ಮೇಲಿತ್ತು. ನಾನು ಅವರ ರಟ್ಟೆ ಹಿಡಿದು ಎಳೆದು ಹಿಂದಕ್ಕೆ ಕೆಡವಿದೆ. ಹಗೇವಿನ ಬಾಯಿಯ ಮೇಲೆ ಮಂಡಿಯೂರಿ ಅಡ್ಡ ಕುಳಿತೆ, ಮುಖ ಆಚೆ ತಿರುಗಿಸಿಕೊಂಡು, ಉಸಿರು ಹಿಡಿದು ಹಿಡಿದು ಬಿಡುತ್ತ. "ಬಿಡ್ರಿ ನನ್ನ, ಬಿಡ್ರಿ," ಅಂತ ಅವರು ನನ್ನ ಬೆನ್ನಿಗೆ ಗುದ್ದಿದರು, ಕೂದಲು ಹಿಡಿದು ಜಗ್ಗಿದರು, ತೋಳು ಕಚ್ಚಿದರು. ನಾನು ಕದಲಲಿಲ್ಲ. "ಇಳಿಬ್ಯಾಡ್ರಿ ವೈನಿ, ವಿಷದ ಗಾಳಿ ಐತಿ, ಇಳದ್ರ ಸಾಯ್ತೀರಿ," ಅಂತ ಕೂಗುತ್ತಲೇ ಇದ್ದೆ. ಓಣಿಯ ಮಂದಿ ಓಡಿಬಂದರು. ಅವರಿಗೂ ಅದನ್ನೇ ಕೂಗಿ ಹೇಳಿದೆ. ಇಳಿಯಲು ಬಂದ ಇಬ್ಬರನ್ನು ಬೈದು ತಳ್ಳಿದೆ.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಯಾರೋ ತಂದರು. ಅದರ ಕೊಕ್ಕೆಗಳನ್ನು ಅಣ್ಣನ ಧೋತರದ ಗಂಟಿಗೆ ಸಿಕ್ಕಿಸಲು ಬಹಳ ಹೊತ್ತು ಹಿಡಿಯಿತು. ಎತ್ತಿದರೆ ಬಾಯಿ ಕಿರಿದು, ಹೆಗಲು ಅಡ್ಡ ಸಿಕ್ಕಿತು; ಹೆಗಲು ಕುಗ್ಗಿಸಿಕೊಳ್ಳುವುದು ಎಚ್ಚರ ಇದ್ದವರಿಗೆ ಮಾತ್ರ ಸಾಧ್ಯ. ಕಲ್ಲಿನ ಅಂಚು ಒಡೆದು ಹೊರಗೆ ತೆಗೆದರು. ಇಂಡಿ ಪಟ್ಟಣದ ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರು ನಾಡಿ ನೋಡಿ, ಬೆರಳಲ್ಲಿದ್ದ ಬೆಳ್ಳಿಯುಂಗುರ ಕಪ್ಪಾಗಿದ್ದನ್ನು ನೋಡಿ, ನನ್ನ ಮುಖ ನೋಡಿದರು. ಅಣ್ಣ ಆಗಲೇ ಹೋಗಿದ್ದ.

ನಾವು ಇಂಡಿಯಲ್ಲಿದ್ದಾಗಲೇ ಊರಿಗೆ ಕರೆಂಟು ಬಂದಿತ್ತು. ಅಣ್ಣನನ್ನು ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಅಂಕಣದಲ್ಲಿ ಗಾಳಿಯ ಪಂಪು ಗುಳುಗುಳು ಸದ್ದು ಮಾಡುತ್ತಿತ್ತು. ಒಂದು ಮೀನೂ ಸತ್ತಿರಲಿಲ್ಲ.

ಮಾತಾಡಿಸಲು ಬಂದವರೆಲ್ಲ ನನ್ನನ್ನು ಹೊಗಳಿದರು. ಇದು ನನಗೆ ಸಿಕ್ಕ ಶಿಕ್ಷೆಯಲ್ಲಿ ಮೊದಲನೆಯದು. "ಮಾಸ್ತರ ಇದ್ರು ಅಂತ ಆತು, ಇಲ್ಲಂದ್ರ ನಾಕು ಹೆಣಾ ಬೀಳ್ತಿದ್ದು." "ಕಲತವ್ರು ಅಂದ್ರ ಹಿಂಗಿರಬೇಕ ನೋಡ." ಪೊಲೀಸರೂ ಪಂಚನಾಮೆ ಬರೆದುಕೊಂಡು ಹೋಗುವಾಗ ನೀವು ಇದ್ದದ್ದು ಪುಣ್ಯ ಅಂದರು. ನಾನು ಕೈ ಮುಗಿದು ಮುಗಿದು ಕಳಿಸಿದೆ. ವೈನಿ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನನ್ನ ತೋಳಿನ ಮೇಲೆ ಅವರ ಹಲ್ಲಿನ ಗುರುತು ಹಸಿರುಗಟ್ಟಿತ್ತು. ಮಗಳು ಅದಕ್ಕೆ ಎಣ್ಣೆ ಅರಿಸಿನ ಹಚ್ಚಿದಳು, ಕಾಕಾ ನನ್ನ ತಾಯಿಯನ್ನು ಉಳಿಸಿದ ಅಂತ ಅತ್ತಳು.

ಮೀನುಗಳನ್ನು ಸೊಲ್ಲಾಪುರದ ಅಂಗಡಿಯವನು ಬಂದು ಒಯ್ದ. ಹಗೇವಿಗೆ ಗರಸು ಸುರಿಸಿದೆ. ಕಾರ್ಯಗಳು ಮುಗಿದು, ಮಗಳು ಕೂಸನ್ನೆತ್ತಿಕೊಂಡು ಸಿಂದಗಿಗೆ ಹೊರಟುಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವತ್ತು ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ವೈನಿ ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು.

"ನನ್ನ ಯಾಕ ಹಿಡದ್ರಿ ಅವತ್ತ?"

"ವಿಷದ ಗಾಳಿ ಇತ್ತು ವೈನಿ. ಇಳದಿದ್ರ ನೀವೂ ಉಳೀತಿರಲಿಲ್ಲ."

"ಹೌದು. ಎಲ್ಲಾರೂ ಹಂಗ ಅಂತಾರ." ಒಂದು ಹರಳು ಆರಿಸಿ ಎಸೆದರು. "ದೀಪ ಉರೀತಿತ್ತಲ್ರಿ. ಮತ್ತ ನಿಮಗ ಹೆಂಗ ಗೊತ್ತಾತು?"

"ಆ ಗಾಳಿಗೆ ದೀಪ ಆರಂಗಿಲ್ಲ. ಜೋಳದ ಹಗೇವಿನಾಗಿನ ಗಾಳಿ ಬ್ಯಾರೆ, ಇದು ಬ್ಯಾರೆ."

"ಅದು ನಿಮಗ ಯಾವಾಗ ಗೊತ್ತಾತು?"

ನೀವು ಏಣಿಯ ಮೇಲೆ ಕಾಲಿಟ್ಟಾಗ ಅಂತ ಬಾಯಿಯ ತನಕ ಬಂದಿತ್ತು. ಊರಿಗೆಲ್ಲ ಅದನ್ನೇ ಹೇಳಿದ್ದೆ, ಮಗಳಿಗೂ. ಆದರೆ ವೈನಿ ಈಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು, ಮತ್ತು ಅಣ್ಣ ನನ್ನನ್ನು ಕೇಳಿದಾಗ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದವರು ಅವರೇ. ಆ ಗಾಳಿಗೆ ದೀಪ ಆರುವುದಿಲ್ಲ, ಅದು ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ ಅಂತ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಅಣ್ಣನ ಕಾಲು ಎರಡನೆಯ ಮೆಟ್ಟಿಲಿನ ಮೇಲಿದ್ದಾಗ ಅದು ನೆನಪಿಗೆ ಬಂದಿತ್ತು. ಒಂದು ದಿನ ತಡೆದರೆ ಮೀನು ಸಾಯುತ್ತವೆ ಅನ್ನುವುದೂ ಅದರ ಹಿಂದೆಯೇ ಬಂದಿತ್ತು. ಎರಡು ವರ್ಷ ಏನೂ ಆಗಿಲ್ಲ, ಇವತ್ತೇನು ಆಗುತ್ತದೆ ಅಂತ ಸುಮ್ಮನಿದ್ದೆ.

"ಅವರು ಇಳಿಯೂಮುಂದ ಗೊತ್ತಿತ್ತೇನ್ರಿ?" ಅಂತ ಕೇಳಿದರು ವೈನಿ.

"ಗೊತ್ತಿತ್ತು," ಅಂದೆ.

ಅವರು ಆರಿಸಿದ ಜೋಳವನ್ನು ಡಬ್ಬಿಗೆ ಸುರಿದರು.

"ಹಂಗಾರ ಹೇಳಬೇಕಿತ್ತಲ್ರಿ," ಅಂದರು. "ನೀವು ಬ್ಯಾಡ ಅಂದಿದ್ರ ಅವರು ಇಳೀತಿರಲಿಲ್ಲ."